ಮೊದಲು ನಿಲ್ಲಿಸುವುದನ್ನು ಕಲಿ, ಆಮೇಲೆ ಓಡಿಸು

ಡಿಪ್ಲೊಮಾ ಪ್ರಾಜೆಕ್ಟಿಗೆ ಪುಟಾಣಿ ರೈಲು ಮಾಡಿ ಮೊಬೈಲಿನಿಂದಲೇ ಓಡಿಸಲು ಹೊರಟಿದ್ದೀಯ. ನಮ್ಮ ಲಗ್ಗೆರೆ ಹುಡುಗಿಯೊಬ್ಬಳು ಇಂಥ ಕೆಲಸಕ್ಕೆ ಕೈಹಾಕಿದ್ದು ಕಂಡು ಬಹಳ ಸಂತೋಷ ಕಣಮ್ಮಾ. ವೈರಿಂಗು, ಕೋಡಿಂಗು ನೀನೇ ಕಲಿಯುತ್ತೀಯ. ಪೀಣ್ಯದ ಶೆಡ್ಡುಗಳಲ್ಲಿ ಕ್ರೇನ್ ಮೆಂಟೇನೆನ್ಸ್ ಮಾಡಿ ನಿವೃತ್ತನಾದ ನಾನು ಹೇಳುವುದು ಒಂದೇ ಮಾತು: ಸಿಗ್ನಲ್ ಕಡಿದಾಗ ಗಾಡಿ ತಾನಾಗಿ ನಿಲ್ಲಬೇಕು.

ಶೆಡ್ಡಿನ ಕ್ರೇನಿಗೆ ಮೊದಲೆಲ್ಲ ಮೇಲಿಂದ ಕೇಬಲ್ಲಿನಲ್ಲಿ ಬಟನ್ನುಗಳ ಪೆಂಡೆಂಟ್ ತೂಗುಬಿಟ್ಟಿರುತ್ತಿದ್ದರು. ಈಗ ಆಪರೇಟರ್ ಸೊಂಟಕ್ಕೆ ರೇಡಿಯೋ ರಿಮೋಟ್ ಕಟ್ಟಿಕೊಂಡು ದೂರದಲ್ಲೇ ನಿಂತು ಲೋಡ್ ಎತ್ತಿಳಿಸುತ್ತಾನೆ. ಬಟನ್ ಒತ್ತಿ ಹಿಡಿದಷ್ಟು ಹೊತ್ತು ಕ್ರೇನ್ ಓಡುತ್ತದೆ, ಬೆರಳು ತೆಗೆದರೆ ನಿಲ್ಲುತ್ತದೆ. ಲೋಡ್ ಎತ್ತುವ ಮೋಟರಿನ ಬ್ರೇಕನ್ನು ಒಮ್ಮೆ ಬಿಚ್ಚಿ ನೋಡಬೇಕು ನೀನು. ಅದನ್ನು ಬಿಗಿಹಿಡಿಯುವುದು ಸ್ಪ್ರಿಂಗು. ಕರೆಂಟು ಬೇಕಾಗುವುದು ಸಡಿಲಿಸಲಿಕ್ಕೆ. ಕರೆಂಟು ಹೋಯಿತೋ, ಸ್ಪ್ರಿಂಗ್ ಕಚ್ಚಿಕೊಳ್ಳುತ್ತದೆ, ಲೋಡ್ ಇದ್ದಲ್ಲೇ ನಿಲ್ಲುತ್ತದೆ. ಕೆಳಗೆ ನಿಂತವರ ಜೀವ ಉಳಿಯುವುದು ಹೀಗೆ.

ದೊಡ್ಡ ರೈಲಿನಲ್ಲೂ ಇದೇ ನ್ಯಾಯ. 1872ರಲ್ಲಿ ಜಾರ್ಜ್ ವೆಸ್ಟಿಂಗ್‌ಹೌಸ್ ತಂದ ಬ್ರೇಕಿನಲ್ಲಿ, ಪೈಪಿನಲ್ಲಿ ಗಾಳಿಯ ಒತ್ತಡ ಇದ್ದರಷ್ಟೇ ಚಕ್ರ ಉರುಳುತ್ತದೆ. ಬೋಗಿ ಕಳಚಿ ಪೈಪ್ ಕಿತ್ತರೆ ಬ್ರೇಕ್ ತಾನಾಗಿ ಬೀಳುತ್ತದೆ. 2025ರ ಆಗಸ್ಟಿನಲ್ಲಿ ಶುರುವಾದ ನಮ್ಮ ಮೆಟ್ರೋ ಹಳದಿ ಮಾರ್ಗದ ಸಿಗ್ನಲ್ ವ್ಯವಸ್ಥೆ ರೈಲಿನ ಜೊತೆ ರೇಡಿಯೋದಲ್ಲೇ ಮಾತಾಡುತ್ತದೆ. ಅಂಥ ವ್ಯವಸ್ಥೆಯಲ್ಲಿ ಆ ಮಾತು ನಿಂತರೆ ರೈಲೂ ನಿಲ್ಲಬೇಕು.

ಆಟದ ರೈಲಿನವರೂ ಇದನ್ನು ಮರೆತಿಲ್ಲ. 16.5 ಮಿಲಿಮೀಟರ್ ಹಳಿ ಅಂತರದ ಎಚ್‌ಒ ರೈಲುಗಳಿಗೆ ಹಿಂದೆ ಹಳಿಯಲ್ಲೇ 12 ವೋಲ್ಟ್ ಡಿಸಿ ಕೊಡುತ್ತಿದ್ದರು. ಒಂದೇ ಹಳಿ ಮೇಲೆ ಎರಡು ಎಂಜಿನ್ ಇಟ್ಟರೆ ಎರಡೂ ಒಟ್ಟಿಗೆ ಓಡುತ್ತಿದ್ದವು. ಡಿಸಿಸಿ ಎಂಬ ಡಿಜಿಟಲ್ ನಿಯಂತ್ರಣ ಬಂದ ಮೇಲೆ ಪ್ರತಿ ಎಂಜಿನ್ನಿನೊಳಗೂ ಒಂದು ಡಿಕೋಡರ್, ಅದಕ್ಕೊಂದು ವಿಳಾಸ. ಆ ಡಿಕೋಡರಿನ ಸಿವಿ 11 ಎಂಬ ಸೆಟ್ಟಿಂಗ್ ಇರುವುದೇ, ಆದೇಶ ಬರದೆ ಎಷ್ಟು ಹೊತ್ತು ಕಾಯ್ದು ನಿಲ್ಲಬೇಕು ಎಂದು ಹೇಳುವುದಕ್ಕೆ.

ನೀನು ಎಂಜಿನ್ನಿನೊಳಗೇ ಬ್ಯಾಟರಿಯನ್ನೂ ಇಎಸ್‌ಪಿ32 ಬೋರ್ಡನ್ನೂ ಇಟ್ಟು ವೈಫೈನಲ್ಲಿ ಓಡಿಸುತ್ತೀಯಲ್ಲ, ತಾನಾಗಿ ನಿಲ್ಲುವ ಏರ್ಪಾಡನ್ನು ಕೋಡಿನಲ್ಲಿ ನೀನೇ ಬರೆಯಬೇಕು. ಮೊಬೈಲು ಸೆಕೆಂಡಿಗೆ ಹತ್ತು ಸಲ ವೇಗ ಹೇಳುತ್ತಿರಲಿ. ಅರ್ಧ ಸೆಕೆಂಡು ಏನೂ ಬರದಿದ್ದರೆ ಬೋರ್ಡೇ ಮೋಟರಿನ ವೇಗವನ್ನು ಸೊನ್ನೆಗೆ ತರಲಿ. ಪ್ರೋಗ್ರಾಮೇ ಸಿಕ್ಕಿಕೊಂಡರೂ ರೀಸೆಟ್ ಆಗುವಂತೆ ವಾಚ್‌ಡಾಗ್ ಹಾಕು. ಬೋರ್ಡ್ ಆನ್ ಆಗುವಾಗ ಎಂಜಿನ್ ಎಗರದಂತೆ ಮೋಟರ್ ಡ್ರೈವರಿನ ಇನ್‌ಪುಟ್ಟಿಗೂ ಗ್ರೌಂಡಿಗೂ ನಡುವೆ ಹತ್ತು ಕಿಲೋ ಓಮ್ ರೆಸಿಸ್ಟರ್ ಇರಲಿ. ಲಿಥಿಯಂ ಸೆಲ್ಲನ್ನು ಪ್ರೊಟೆಕ್ಷನ್ ಬೋರ್ಡ್ ಇಲ್ಲದೆ ಮುಟ್ಟಲೇಬೇಡ.

ನಮ್ಮ ಲಗ್ಗೆರೆಯಲ್ಲಿ ಮನೆಗೆ ಮನೆ ಅಂಟಿಕೊಂಡಿದೆ, ಮನೆಮನೆಗೂ ವೈಫೈ ಇದೆ. ಲೈಸೆನ್ಸ್ ಬೇಡದ 2.4 ಗಿಗಾಹರ್ಟ್ಸ್ ಬ್ಯಾಂಡಿನಲ್ಲಿ ಬ್ಲೂಟೂತೂ ಅದರ ಜೊತೆ ಕಿಕ್ಕಿರಿದಿದೆ. ಸಿಗ್ನಲ್ ಕಡಿಯುವುದು ಇಲ್ಲಿ ದಿನದ ಮಾತು. ಆದ್ದರಿಂದ ಪರೀಕ್ಷೆಯನ್ನೂ ಹಾಗೇ ಮಾಡು: ರೈಲು ಪೂರ್ತಿ ವೇಗದಲ್ಲಿರುವಾಗ ಮೊಬೈಲ್ ಆಫ್ ಮಾಡು, ರೂಟರಿನ ಪ್ಲಗ್ ಕಿತ್ತುಹಾಕು, ಮೊಬೈಲ್ ಹಿಡಿದು ಮೆಟ್ಟಿಲಿಳಿದು ಹೋಗು. ಪ್ರತಿ ಸಲವೂ ಮೇಜಿನ ಅಂಚು ಮುಟ್ಟುವ ಮೊದಲೇ ಗಾಡಿ ನಿಂತಿರಬೇಕು.

ಎಗ್ಸಾಮಿನರ್ ಮುಂದೆ ರೈಲು ಚೆನ್ನಾಗಿ ಓಡಿದರೆ ಮಾರ್ಕ್ಸ್ ಸಿಗುತ್ತದೆ, ಸರಿ. ನಾಳೆ ನೀನು ಪೀಣ್ಯದಲ್ಲೋ ಮೆಟ್ರೋದಲ್ಲೋ ಕೆಲಸಕ್ಕೆ ಸೇರಿದಾಗ ನಿನ್ನ ಕೋಡಿನ ಕೆಳಗೆ ಮನುಷ್ಯರು ನಿಂತಿರುತ್ತಾರೆ. ಅದಕ್ಕೇ ಹೇಳುತ್ತೇನಮ್ಮಾ, ನಿಲ್ಲಿಸುವ ಕೋಡನ್ನು ಇವತ್ತೇ ಬರೆ. ಅದು ಸರಿಯಾಯಿತು ಅನ್ನಿಸಿದ ಮೇಲೆ ಓಡಿಸುವುದಕ್ಕೆ ಕೈಹಾಕು.