ಟ್ಯಾಬ್ಲೆಟ್‌ನ ತಂತ್ರಾಂಶ: ಗಣಕಯಂತ್ರದ ಮೂಲಕ ಪುನಃಸ್ಥಾಪನೆ

ಮಕ್ಕಳ ಪಾಠ, ಹಿರಿಯರ ವೈದ್ಯಕೀಯ ಕಾಗದಪತ್ರಗಳು, ಕುಟುಂಬದ ಛಾಯಾಚಿತ್ರಗಳು ಇವೆಲ್ಲವೂ ಇಂದು ಅನೇಕ ಮನೆಗಳಲ್ಲಿ ಒಂದೇ ಟ್ಯಾಬ್ಲೆಟ್‌ನಲ್ಲಿ ಸಂಗ್ರಹವಾಗಿರುತ್ತವೆ. ಇಂತಹ ಸಾಧನವು ಒಂದು ದಿನ ತಯಾರಕರ ಚಿಹ್ನೆಯನ್ನಷ್ಟೇ ತೋರಿಸಿ ಮುಂದುವರಿಯದೆ ನಿಂತರೆ, ಅದು ಸಂಪೂರ್ಣ ಕೆಟ್ಟುಹೋಯಿತೆಂದು ಬಳಕೆದಾರರು ಭಾವಿಸುವುದು ಸಹಜ. ಆದರೆ ಹಲವು ಸಂದರ್ಭಗಳಲ್ಲಿ ಯಂತ್ರದ ಭಾಗಗಳು ಸುಸ್ಥಿತಿಯಲ್ಲಿದ್ದು, ಅವುಗಳನ್ನು ನಡೆಸುವ ತಂತ್ರಾಂಶವಷ್ಟೇ ಕೆಟ್ಟಿರುತ್ತದೆ. ಗಣಕಯಂತ್ರದ ನೆರವಿನಿಂದ ಅದನ್ನು ಮತ್ತೆ ಅಳವಡಿಸಬಹುದು. ಈ ಕಾರ್ಯದಲ್ಲಿ ಅವಸರ ಮಾಡಿದರೆ ಸಾಧನವು ಉಳಿದು, ಅದರಲ್ಲಿದ್ದ ಮಾಹಿತಿಯೆಲ್ಲವೂ ಅಳಿದುಹೋಗುವ ಅಪಾಯವುಂಟು. ಆಪಲ್ ಸಂಸ್ಥೆಯ ಐಪ್ಯಾಡ್ ಅನ್ನು ನಿದರ್ಶನವಾಗಿರಿಸಿಕೊಂಡು ಸರಿಯಾದ ಕ್ರಮವನ್ನು ಇಲ್ಲಿ ವಿವರಿಸಲಾಗಿದೆ.

ಫರ್ಮ್‌ವೇರ್ ಎಂದರೇನು?

ಟ್ಯಾಬ್ಲೆಟ್‌ನ ಸ್ಮರಣೆಯಲ್ಲಿ ಎರಡು ಬಗೆಯ ಸಾಮಗ್ರಿ ಇರುತ್ತದೆ. ಸಾಧನವನ್ನು ಚಾಲನೆಗೆ ತಂದು, ಅದರ ಪರದೆ, ಕ್ಯಾಮೆರಾ ಮೊದಲಾದ ಭಾಗಗಳನ್ನು ನಿಯಂತ್ರಿಸುವ ಮೂಲ ತಂತ್ರಾಂಶವು ಮೊದಲನೆಯದು. ಇದನ್ನು ಫರ್ಮ್‌ವೇರ್ ಎನ್ನುವರು. ಐಪ್ಯಾಡ್‌ಗಳಲ್ಲಿ 2019ರಿಂದ ಬಳಕೆಗೆ ಬಂದ ಐಪ್ಯಾಡ್‌ಒಎಸ್ ಕಾರ್ಯಾಚರಣಾ ವ್ಯವಸ್ಥೆಯು ಇದರೊಂದಿಗೇ ಅಳವಡಿಕೆಯಾಗುತ್ತದೆ. ಬಳಕೆದಾರರ ಚಿತ್ರ, ಪತ್ರ, ಟಿಪ್ಪಣಿಗಳು ಎರಡನೆಯ ಬಗೆಯವು. ಮೊದಲನೆಯದನ್ನು ತಯಾರಕರಿಂದ ಮತ್ತೆ ಪಡೆಯಬಹುದು. ಎರಡನೆಯದನ್ನು ಬೇರೆಡೆ ನಕಲು ಮಾಡಿ ಇರಿಸದಿದ್ದರೆ ಯಾರಿಂದಲೂ ಪಡೆಯಲಾಗದು. ಪುನಃಸ್ಥಾಪನೆಗೆ ಕೈಹಾಕುವ ಮುನ್ನ ಈ ಭೇದವನ್ನು ಅರಿತಿರುವುದು ಅತ್ಯವಶ್ಯಕ.

ಪೂರ್ವಸಿದ್ಧತೆ

ಮೊದಲು ಬಲವಂತದ ಮರುಚಾಲನೆಯನ್ನು ಪ್ರಯತ್ನಿಸಬೇಕು. ಹೋಮ್ ಗುಂಡಿಯುಳ್ಳ ಐಪ್ಯಾಡ್‌ನಲ್ಲಿ ಹೋಮ್ ಗುಂಡಿ ಹಾಗೂ ಮೇಲ್ತುದಿಯ ಗುಂಡಿಯನ್ನು ಏಕಕಾಲಕ್ಕೆ ಒತ್ತಿಹಿಡಿಯಬೇಕು. ಹೋಮ್ ಗುಂಡಿ ಇಲ್ಲದ ಮಾದರಿಗಳಲ್ಲಿ, ಮೇಲ್ತುದಿಯ ಗುಂಡಿಗೆ ಸಮೀಪವಿರುವ ಧ್ವನಿಯ ಗುಂಡಿಯನ್ನು ಒತ್ತಿ ಬಿಟ್ಟು, ಇನ್ನೊಂದು ಧ್ವನಿಯ ಗುಂಡಿಯನ್ನೂ ಹಾಗೆಯೇ ಒತ್ತಿ ಬಿಟ್ಟು, ಬಳಿಕ ಮೇಲ್ತುದಿಯ ಗುಂಡಿಯನ್ನು ಒತ್ತಿಹಿಡಿಯಬೇಕು. ಚಿಹ್ನೆ ಮೂಡಿದೊಡನೆ ಕೈ ಬಿಡಬೇಕು. ಇದರಿಂದ ಯಾವ ಮಾಹಿತಿಯೂ ಅಳಿಯುವುದಿಲ್ಲ.

ಸಾಧನವು ತೆರೆದುಕೊಂಡರೆ ಕೂಡಲೇ ಗಣಕಯಂತ್ರದಲ್ಲಿ ಅಥವಾ ಐಕ್ಲೌಡ್‌ನಲ್ಲಿ ಬ್ಯಾಕಪ್ ಮಾಡಿಕೊಳ್ಳತಕ್ಕದ್ದು. ಐಕ್ಲೌಡ್‌ನಲ್ಲಿ ಉಚಿತವಾಗಿ ದೊರೆಯುವ ಸ್ಥಳ 5 ಜಿಬಿ ಮಾತ್ರವೆಂಬುದನ್ನು ಗಮನದಲ್ಲಿಡಬೇಕು. ಗಣಕಯಂತ್ರದಲ್ಲಿನ ಬ್ಯಾಕಪ್‌ಗೆ ಗುಪ್ತಪದವನ್ನು ಇರಿಸಿದಲ್ಲಿ ಅದನ್ನು ಮರೆಯಬಾರದು. ಅದಿಲ್ಲದೆ ಆ ಬ್ಯಾಕಪ್‌ನಿಂದ ಮಾಹಿತಿಯನ್ನು ಮರಳಿ ಪಡೆಯಲು ಬಾರದು.

ಪುನಃಸ್ಥಾಪನೆಯ ಕ್ರಮ

1. ಮ್ಯಾಕ್ ಗಣಕಯಂತ್ರದಲ್ಲಿ ಫೈಂಡರ್ ಅನ್ನು, ವಿಂಡೋಸ್ ಗಣಕಯಂತ್ರದಲ್ಲಿ ಆಪಲ್ ಡಿವೈಸಸ್ ಅಥವಾ ಐಟ್ಯೂನ್ಸ್ ತಂತ್ರಾಂಶವನ್ನು ತೆರೆಯಬೇಕು. 2019ಕ್ಕೂ ಹಿಂದಿನ ಮ್ಯಾಕ್ ಕಾರ್ಯಾಚರಣಾ ವ್ಯವಸ್ಥೆಗಳಲ್ಲಿ ಐಟ್ಯೂನ್ಸ್ ಬಳಕೆಯಾಗುತ್ತದೆ.

2. ಉತ್ತಮ ಸ್ಥಿತಿಯ ಕೇಬಲ್‌ನಿಂದ ಐಪ್ಯಾಡ್ ಅನ್ನು ಗಣಕಯಂತ್ರಕ್ಕೆ ಜೋಡಿಸಬೇಕು.

3. ಮರುಚಾಲನೆಗೆ ಒತ್ತಿದ ಗುಂಡಿಗಳನ್ನೇ ಮತ್ತೆ ಅದೇ ಕ್ರಮದಲ್ಲಿ ಒತ್ತಬೇಕು. ಆದರೆ ಈ ಬಾರಿ ಚಿಹ್ನೆ ಮೂಡಿದಾಗ ಕೈ ಬಿಡದೆ, ಗಣಕಯಂತ್ರ ಹಾಗೂ ಕೇಬಲ್‌ನ ಚಿತ್ರ ಕಾಣಿಸುವವರೆಗೂ ಹಿಡಿದಿರಬೇಕು. ಈ ಸ್ಥಿತಿಗೆ ರಿಕವರಿ ಮೋಡ್ ಎಂದು ಹೆಸರು.

4. ಗಣಕಯಂತ್ರದ ಪರದೆಯಲ್ಲಿ ಅಪ್‌ಡೇಟ್ ಮತ್ತು ರಿಸ್ಟೋರ್ ಎಂಬ ಎರಡು ಆಯ್ಕೆಗಳು ಕಾಣುತ್ತವೆ. ಅಪ್‌ಡೇಟ್ ಆಯ್ಕೆಯು ಬಳಕೆದಾರರ ಮಾಹಿತಿಯನ್ನು ಅಳಿಸದೆ ತಂತ್ರಾಂಶವನ್ನು ಮರುಅಳವಡಿಸಲು ಯತ್ನಿಸುತ್ತದೆ. ರಿಸ್ಟೋರ್ ಆಯ್ಕೆಯು ಎಲ್ಲವನ್ನೂ ಅಳಿಸಿ ಹೊಸದಾಗಿ ಅಳವಡಿಸುತ್ತದೆ. ಆದ್ದರಿಂದ ಮೊದಲು ಅಪ್‌ಡೇಟ್ ಅನ್ನೇ ಆರಿಸಬೇಕು. ಅದು ಫಲಿಸದಿದ್ದಾಗ ಅಥವಾ ಪರದೆಯ ಬೀಗದ ಸಂಖ್ಯೆ ಮರೆತುಹೋಗಿದ್ದಾಗ ಮಾತ್ರ ರಿಸ್ಟೋರ್‌ಗೆ ಮುಂದಾಗಬೇಕು.

5. ತಂತ್ರಾಂಶದ ಕಡತವು ಹಲವು ಜಿಬಿ ಗಾತ್ರದ್ದು. ಅದನ್ನು ಪಡೆಯಲು 15 ನಿಮಿಷಗಳಿಗೂ ಹೆಚ್ಚು ಕಾಲ ಹಿಡಿದರೆ ಐಪ್ಯಾಡ್ ತಾನಾಗಿ ರಿಕವರಿ ಮೋಡ್‌ನಿಂದ ಹೊರಬರುತ್ತದೆ. ಇದರಿಂದ ಗಾಬರಿಪಡಬೇಕಾಗಿಲ್ಲ. ಕಡತವು ಪೂರ್ಣವಾಗಿ ಬಂದ ಮೇಲೆ ಮೂರನೆಯ ಹಂತದಿಂದ ಪುನಃ ಆರಂಭಿಸಬಹುದು.

6. ಕಾರ್ಯ ಮುಗಿಯುವವರೆಗೆ ಕೇಬಲ್ ಅನ್ನು ಬೇರ್ಪಡಿಸಕೂಡದು. 9 ಅಥವಾ 4013 ಎಂಬ ದೋಷಸಂಖ್ಯೆ ಕಂಡುಬಂದರೆ ನಡುವೆ ಸಂಪರ್ಕ ಕಡಿದಿರುವ ಸಂಭವವುಂಟು. ಆಗ ಬೇರೆ ಕೇಬಲ್, ಬೇರೆ ಕಿಂಡಿ ಅಥವಾ ಬೇರೆ ಗಣಕಯಂತ್ರದಿಂದ ಪ್ರಯತ್ನಿಸಬೇಕು.

ಗಮನಿಸಬೇಕಾದ ಅಂಶಗಳು

ಐಪ್ಯಾಡ್‌ಗೆ ಅಳವಡಿಕೆಯಾಗುವ ತಂತ್ರಾಂಶವು ಆಪಲ್ ಸಂಸ್ಥೆಯ ವಿದ್ಯುನ್ಮಾನ ಸಹಿಯನ್ನು ಹೊಂದಿರಲೇಬೇಕು. ಈ ಕಾರಣದಿಂದ ಪುನಃಸ್ಥಾಪನೆಗೆ ಅಂತರ್ಜಾಲ ಸಂಪರ್ಕವು ಅಗತ್ಯ. ಸಂಸ್ಥೆಯು ಸಹಿ ಮಾಡುವುದನ್ನು ನಿಲ್ಲಿಸಿದ ಹಳೆಯ ಆವೃತ್ತಿಗಳನ್ನು ಸಾಧನವು ಸ್ವೀಕರಿಸುವುದಿಲ್ಲ.

2013ರಲ್ಲಿ ಜಾರಿಗೆ ಬಂದ ಆಕ್ಟಿವೇಶನ್ ಲಾಕ್ ಎಂಬ ರಕ್ಷಣೆಯು ರಿಸ್ಟೋರ್ ಮಾಡಿದ ಬಳಿಕವೂ ಉಳಿದಿರುತ್ತದೆ. ಅದನ್ನು ತೆರೆಯಲು ಮಾಲೀಕರ ಆಪಲ್ ಖಾತೆ ಮತ್ತು ಗುಪ್ತಪದ ಬೇಕು. ಆದ್ದರಿಂದ ಇತರರು ಬಳಸಿದ ಐಪ್ಯಾಡ್ ಅನ್ನು ಕೊಳ್ಳುವವರು, ಹಿಂದಿನ ಮಾಲೀಕರು ತಮ್ಮ ಖಾತೆಯನ್ನು ಅದರಿಂದ ತೆಗೆದುಹಾಕಿರುವುದನ್ನು ಹಣ ಕೊಡುವ ಮುನ್ನವೇ ಖಚಿತಪಡಿಸಿಕೊಳ್ಳಬೇಕು. ಹೊಸ ಸಾಧನವನ್ನು ಕೊಂಡವರು ಖರೀದಿಯ ರಸೀದಿಯನ್ನು ಜೋಪಾನವಾಗಿ ಇರಿಸಿಕೊಳ್ಳುವುದು ಒಳಿತು.

ರಿಸ್ಟೋರ್‌ನಿಂದ ಅಳಿದುಹೋದ ಚಿತ್ರಗಳನ್ನು ಬ್ಯಾಕಪ್ ಇಲ್ಲದೆಯೇ ಸಾಧನದಿಂದ ಹೊರತೆಗೆದು ಕೊಡುವುದಾಗಿ ಯಾರಾದರೂ ಹೇಳಿದರೆ ನಂಬಬಾರದು. ಐಪ್ಯಾಡ್‌ನಲ್ಲಿ ಮಾಹಿತಿಯು ಗೂಢಲಿಪಿಯಲ್ಲಿರುತ್ತದೆ. ಅಳಿಸುವಾಗ ಆ ಲಿಪಿಯ ಕೀಲಿಯೇ ನಾಶವಾಗುತ್ತದೆ.

ಸಾಧನವನ್ನು ಹೊಸದಾಗಿ ಸಿದ್ಧಪಡಿಸಿಕೊಂಡಾಗ ಕನ್ನಡ ಕೀಲಿಮಣೆಯನ್ನು ಸೆಟ್ಟಿಂಗ್ಸ್‌ನಲ್ಲಿ ಮತ್ತೆ ಸೇರಿಸಿಕೊಳ್ಳಬೇಕಾಗಬಹುದು.

ಆಂಡ್ರಾಯ್ಡ್ ಟ್ಯಾಬ್ಲೆಟ್‌ಗಳ ಕ್ರಮವು ತಯಾರಕರಿಂದ ತಯಾರಕರಿಗೆ ಬೇರೆಯಾಗುತ್ತದೆ. ಆಯಾ ತಯಾರಕರು ಒದಗಿಸುವ, ಅದೇ ಮಾದರಿಗೆ ಸೇರಿದ ಕಡತವನ್ನೇ ಬಳಸಬೇಕು. ಬೇರೆ ಮಾದರಿಯ ಕಡತದಿಂದ ಸಾಧನವು ನಿರುಪಯುಕ್ತವಾಗಬಹುದು. ಅವುಗಳಲ್ಲಿ ಬೂಟ್‌ಲೋಡರ್ ಎಂಬ ಆರಂಭಿಕ ತಂತ್ರಾಂಶದ ಬೀಗವನ್ನು ತೆರೆದರೆ ಸಾಮಾನ್ಯವಾಗಿ ಮಾಹಿತಿಯೆಲ್ಲ ಅಳಿದುಹೋಗುತ್ತದೆ.

ಸಾಧನ ಯಾವುದೇ ಇರಲಿ, ಗಣಕಯಂತ್ರವು ಮರಳಿ ಕೊಡಬಲ್ಲದ್ದು ತಯಾರಕರ ತಂತ್ರಾಂಶವನ್ನು ಮಾತ್ರ. ಬಳಕೆದಾರರ ಸ್ವಂತ ಮಾಹಿತಿಯನ್ನು ಉಳಿಸುವುದು ಸಾಧನವು ಸುಸ್ಥಿತಿಯಲ್ಲಿದ್ದಾಗಲೇ ಮಾಡಿಟ್ಟ ಬ್ಯಾಕಪ್. ಅದನ್ನು ನಿಯತಕಾಲಿಕವಾಗಿ ಮಾಡುವ ಅಭ್ಯಾಸವನ್ನು ಪ್ರತಿಯೊಂದು ಕುಟುಂಬವೂ ರೂಢಿಸಿಕೊಳ್ಳಬೇಕು.