ಹೋಂವರ್ಕ್ ಓದು, ಅಂಕ ಹಾಕಬೇಡ

ನೋಡಮ್ಮ, ಆರು ಮತ್ತು ಏಳನೇ ತರಗತಿಯ ಗಣಿತ ನಿನ್ನ ಪಾಲಿಗೆ ಬಂದಿದೆ. ಪಾಠ ಮಾಡುವುದನ್ನು ಕಲಿತೇ ಬಂದಿದ್ದೀಯ, ಅದನ್ನು ನಾನು ಹೇಳಿಕೊಡಬೇಕಿಲ್ಲ. ಒಂದೇ ಒಂದು ಮಾತು ಕಿವಿಯ ಮೇಲೆ ಹಾಕಿಕೋ: ಹೋಂವರ್ಕಿಗೂ ಅಂಕಕ್ಕೂ ಗಂಟು ಹಾಕಬೇಡ.

ಹೋಂವರ್ಕಿಗೆ ಐದು ಅಂಕ ಎಂದು ಹೇಳಿಬಿಟ್ಟರೆ ಮರುದಿನವೇ ಎಲ್ಲರ ನೋಟ್‌ಬುಕ್ಕೂ ತುಂಬಿರುತ್ತದೆ. ಖುಷಿಪಡುವ ಮೊದಲು ಪ್ರಾರ್ಥನೆಯ ಗಂಟೆಗೆ ಹತ್ತು ನಿಮಿಷ ಮುಂಚೆ ಶಾಲೆಗೆ ಹೋಗಿ ನೋಡು. ಜಗಲಿಯ ಮೇಲೆ ಒಂದು ಪುಸ್ತಕದ ಸುತ್ತ ಆರು ತಲೆ ಬಾಗಿರುತ್ತವೆ. ಮೂಲ ಬರೆದವಳು 7ನ್ನು 1ರ ಹಾಗೆ ಗೀಚಿದ್ದರೆ ಆರೂ ಪುಸ್ತಕದಲ್ಲಿ 1 ಕಾಣುತ್ತದೆ. ನಕಲು ಮಾಡದವರ ಕತೆ ಬೇರೆ. ಒಬ್ಬನಿಗೆ ಟ್ಯೂಷನ್ ಇದೆ, ಲೆಕ್ಕ ಹೇಳಿಕೊಡುವ ಅಕ್ಕ ಇದ್ದಾಳೆ. ಇನ್ನೊಬ್ಬಳು ಮನೆಗೆ ಹೋದೊಡನೆ ದನಕ್ಕೆ ಹುಲ್ಲು ಹಾಕಿ, ತಮ್ಮನನ್ನು ಸೊಂಟಕ್ಕೇರಿಸಿಕೊಂಡು ಒಲೆ ಹೊತ್ತಿಸಬೇಕು. ಆ ಐದು ಅಂಕದಲ್ಲಿ ಗಣಿತಕ್ಕಿಂತ ಮನೆಯ ಅನುಕೂಲವೇ ಹೆಚ್ಚು ಸೇರಿಕೊಂಡಿರುತ್ತದೆ.

ಹಾಗಂತ ಹೋಂವರ್ಕನ್ನೇ ಬಿಡು ಎನ್ನುತ್ತಿಲ್ಲ. ಗಣಿತ ಕೈಗೆ ಹತ್ತುವುದೇ ಅಭ್ಯಾಸದಿಂದ. ಆದರೆ ಅದಕ್ಕೊಂದು ಮಿತಿ ಇರಲಿ. ಪ್ರಾಥಮಿಕ ತರಗತಿಗಳಿಗೆ ಹೋಂವರ್ಕ್ ಬೇಡವೆಂದು ಯಶಪಾಲ್ ಸಮಿತಿ 1993ರಲ್ಲೇ ಹೇಳಿತ್ತು. 2020ರ ಶಾಲಾ ಬ್ಯಾಗ್ ನೀತಿ ಮೂರರಿಂದ ಐದನೇ ತರಗತಿಗೆ ವಾರಕ್ಕೆ ಎರಡು ಗಂಟೆ, ಆರರಿಂದ ಎಂಟಕ್ಕೆ ದಿನಕ್ಕೆ ಒಂದು ಗಂಟೆ ಎಂದು ಮಿತಿ ಹಾಕಿತು. ಆ ಒಂದು ಗಂಟೆಯಲ್ಲಿ ಎಲ್ಲ ವಿಷಯಗಳೂ ಮುಗಿಯಬೇಕು. ನಿನ್ನ ಪಾಲಿಗೆ ಬರುವುದು ಹೆಚ್ಚೆಂದರೆ ಕಾಲು ಗಂಟೆ, ಅಂದರೆ ನಾಲ್ಕು ಲೆಕ್ಕ. ಅದರಲ್ಲಿ ಒಂದು ಹಳೆಯ ಪಾಠದ್ದಿರಲಿ.

ಆ ನಾಲ್ಕರಲ್ಲಿ ಒಂದನ್ನಾದರೂ ಎಲ್ಲರ ಪುಸ್ತಕದಲ್ಲೂ ಓದು. ಅರ್ಧಕ್ಕೆ ಮೂರನೇ ಒಂದು ಭಾಗ ಕೂಡಿಸಿ ಹುಡುಗನೊಬ್ಬ 2/5 ಎಂದು ಬರೆದಿರುತ್ತಾನೆ; ಮೇಲಿನದಕ್ಕೆ ಮೇಲಿನದು, ಕೆಳಗಿನದಕ್ಕೆ ಕೆಳಗಿನದು ಸೇರಿಸಿದ್ದಾನೆ. ಕೆಂಪು ಶಾಯಿಯಲ್ಲಿ ಸೊನ್ನೆ ಸುತ್ತಿದರೆ ಅಲ್ಲಿಗೆ ಮಾತು ಮುಗಿಯಿತು. ಅದರ ಬದಲು, ‘ಅರ್ಧ ರೊಟ್ಟಿಯ ಮೇಲೆ ಇನ್ನಷ್ಟು ಹಾಕಿದೆ, ಅದು ಅರ್ಧಕ್ಕಿಂತ ಕಡಿಮೆ ಹೇಗಾಯ್ತು?’ ಎಂದು ಬರೆ. ಅವನು ತಲೆ ಕೆರೆದುಕೊಂಡು ಮತ್ತೆ ಲೆಕ್ಕಕ್ಕೆ ಕೂರುತ್ತಾನೆ. ಇಸ್ರೇಲಿನ ಐದು, ಆರನೇ ತರಗತಿಯ ಮಕ್ಕಳ ಬಗ್ಗೆ ರುತ್ ಬಟ್ಲರ್ 1988ರಲ್ಲಿ ಪ್ರಕಟಿಸಿದ ಅಧ್ಯಯನವೂ ಇದನ್ನೇ ತೋರಿಸಿತು. ಬರೀ ಟಿಪ್ಪಣಿ ಪಡೆದ ಮಕ್ಕಳು ಸುಧಾರಿಸಿದರು. ಟಿಪ್ಪಣಿಯ ಜೊತೆ ಅಂಕವನ್ನೂ ಪಡೆದವರಿಗೆ ಆ ಲಾಭ ಸಿಗಲಿಲ್ಲ.

ಇನ್ನು ಸರಾಸರಿಯ ವಿಷಯ. ಜುಲೈಯಲ್ಲಿ ಭಿನ್ನರಾಶಿಯಲ್ಲಿ ಹತ್ತಕ್ಕೆ 3 ತೆಗೆದವಳು ಸೆಪ್ಟೆಂಬರಿನಲ್ಲಿ 9 ತೆಗೆದಳು ಎನ್ನು. ಎರಡನ್ನೂ ಕೂಡಿಸಿ ಭಾಗಿಸಿದರೆ 6, ಗ್ರೇಡು ಬಿ+. ಆದರೆ ಅವಳಿಗೆ ಭಿನ್ನರಾಶಿ ಬರುತ್ತದಲ್ಲ! ಯಕ್ಷಗಾನದ ತಾಲೀಮಿನಲ್ಲಿ ತಾಳ ತಪ್ಪಿದ್ದನ್ನು ಆಟದ ದಿನ ಯಾರಾದರೂ ಲೆಕ್ಕಕ್ಕೆ ಹಿಡಿಯುತ್ತಾರೆಯೇ? ಮಗುವಿಗೆ ಈಗ ಏನು ಬರುತ್ತದೆ ಎಂಬುದನ್ನು ಗ್ರೇಡು ಹೇಳಬೇಕು.

ಇದೇನೂ ಹೊರಗಿನಿಂದ ತಂದ ವಿಚಾರವಲ್ಲ. 1995ರಲ್ಲಿ ಎಚ್.ಡಿ.ಕೋಟೆ ತಾಲ್ಲೂಕಿನಲ್ಲಿ ಶುರುವಾದ ನಲಿ-ಕಲಿ ಪದ್ಧತಿಯಲ್ಲಿ ಮಗು ಕಲಿಕಾ ಏಣಿಯ ಒಂದೊಂದೇ ಮೆಟ್ಟಿಲನ್ನು ತನ್ನ ವೇಗದಲ್ಲಿ ಹತ್ತುತ್ತದೆ. ಒಂದು ಮೆಟ್ಟಿಲಿಗೆ ಎಷ್ಟು ದಿನ ಹಿಡಿಯಿತು ಎಂದು ಯಾರೂ ಅಂಕ ಕಳೆಯುವುದಿಲ್ಲ. ಪುಟ್ಟ ಮಕ್ಕಳಿಗೆ ಕೊಟ್ಟ ಆ ತಾಳ್ಮೆಯನ್ನು ಆರನೇ ತರಗತಿಗೆ ಬರುವಷ್ಟರಲ್ಲಿ ನಾವೇ ಮರೆತುಬಿಡುತ್ತೇವೆ.

ಇಲಾಖೆ ಕೇಳುವ ಎಫ್‌ಎ (ರೂಪಣಾತ್ಮಕ), ಎಸ್‌ಎ (ಸಂಕಲನಾತ್ಮಕ) ಮೌಲ್ಯಮಾಪನದ ಅಂಕಗಳನ್ನು ನಿಯಮದಂತೆಯೇ ತುಂಬು, ಅದರಲ್ಲಿ ಕೈಯಾಡಿಸಬೇಡ. ಜೊತೆಗೆ ನಿನ್ನದೇ ಒಂದು ಉದ್ದನೆಯ ಪುಸ್ತಕ ಇಟ್ಟುಕೋ. ಎಡಕ್ಕೆ ಮಕ್ಕಳ ಹೆಸರು, ಮೇಲೆ ಒಂದೊಂದು ಕೌಶಲ: ಸಮಾನ ಭಿನ್ನರಾಶಿ ಬರೆಯುವುದು, ಛೇದ ಬೇರೆಯಾದಾಗ ಕೂಡಿಸುವುದು, ದಶಮಾಂಶಗಳನ್ನು ಹೋಲಿಸುವುದು. ಬರದಿದ್ದರೆ ಚುಕ್ಕಿ, ಸಹಾಯ ಸಿಕ್ಕರೆ ಬರುತ್ತದೆ ಎಂದಾದರೆ ಅಡ್ಡಗೆರೆ, ತಾನೇ ಮಾಡಿ ಯಾಕೆಂದೂ ಹೇಳಿದರೆ ಸರಿ ಗುರುತು. ಎಲ್ಲವನ್ನೂ ಪೆನ್ಸಿಲಿನಲ್ಲೇ ಬರೆ, ಅಳಿಸಿ ತಿದ್ದುವಂತಿರಲಿ. 0.5ಕ್ಕಿಂತ 0.35 ದೊಡ್ಡದು ಎನ್ನುವವರು ಎಷ್ಟು ಮಂದಿ ಎಂದು ಅಲ್ಲಿ ಒಂದೇ ನೋಟಕ್ಕೆ ಕಾಣುತ್ತದೆ. ಮರುದಿನದ ಪಾಠ ಎಲ್ಲಿಂದ ಶುರು ಎಂಬುದೂ ತೀರ್ಮಾನವಾಗುತ್ತದೆ.

ಚುಕ್ಕಿ ಅಳಿಸಿ ಸರಿ ಗುರುತು ಹಾಕಬೇಕಾದರೆ ಮರುಪರೀಕ್ಷೆ ಬೇಕಾಗುತ್ತದೆ; ಅದನ್ನು ಕೊಡುವಾಗ ಮಾತ್ರ ಬಿಗಿಯಾಗಿರು. ಹಿಂದಿನ ತಪ್ಪನ್ನು ತಿದ್ದಿ, ಎಲ್ಲಿ ಎಡವಿದೆ ಎಂದು ಬಾಯಲ್ಲಿ ಹೇಳಿದವರಿಗಷ್ಟೇ ಎರಡನೇ ಅವಕಾಶ, ಅದೂ ಬೇರೆ ಲೆಕ್ಕ. ಇಲ್ಲದಿದ್ದರೆ ‘ಹೇಗೂ ಇನ್ನೊಂದು ಸಲ ಉಂಟಲ್ಲ’ ಎಂದು ಮೊದಲ ಸಲ ಓದುವುದನ್ನೇ ಬಿಡುತ್ತಾರೆ.

‘ಅಂಕವಿಲ್ಲದಿದ್ದರೆ ನಮ್ಮ ಹುಡುಗ ಪುಸ್ತಕ ಮುಟ್ಟುತ್ತಾನಾ ಟೀಚರ್?’ ಎಂದು ಪೋಷಕರ ಸಭೆಯಲ್ಲಿ ಕೇಳುತ್ತಾರೆ. ವಾದಕ್ಕಿಳಿಯದೆ ನಿನ್ನ ಆ ಉದ್ದನೆಯ ಪುಸ್ತಕ ಬಿಚ್ಚಿ ಅವರ ಮಗನ ಸಾಲು ತೋರಿಸು. ಹತ್ತಕ್ಕೆ ಆರು ಎಂದಾಗ ತಿಳಿಯದ್ದು ಅಲ್ಲಿ ತಿಳಿಯುತ್ತದೆ.

ಮೊದಲ ಕೆಲವು ವಾರ ಮೂರು ನಾಲ್ಕು ಮಂದಿ ಹೋಂವರ್ಕ್ ಮಾಡದೇ ಬರುತ್ತಾರೆ. ಆಗ ಐದು ಅಂಕದ ಬೆದರಿಕೆಗೆ ಮರಳಬೇಡ. ಕಾರಣ ಕೇಳು, ಊಟದ ಬಿಡುವಿನಲ್ಲಿ ನಿನ್ನೆದುರೇ ಕೂರಿಸಿ ಎರಡು ಲೆಕ್ಕ ಮಾಡಿಸು. ಈ ವರ್ಷ ಎಲ್ಲ ಪಾಠಕ್ಕೂ ಈ ಕ್ರಮವನ್ನು ಹಚ್ಚಿಕೊಳ್ಳಬೇಡ, ಸುಸ್ತಾಗುತ್ತೀಯ. ಭಿನ್ನರಾಶಿ ಒಂದರಿಂದ ಶುರುಮಾಡು. ಅದು ಗಟ್ಟಿಯಾದ ಮಕ್ಕಳಿಗೆ ಅನುಪಾತ, ಶೇಕಡಾ, ಬೀಜಗಣಿತ ಮುಂದೆ ಅಷ್ಟು ಕಾಡುವುದಿಲ್ಲ.