ಪರದೆಯ ಮೇಲಿನ ಕನ್ನಡವನ್ನು ತಿದ್ದುವ ಬಗೆ



ಹೋದ ತಿಂಗಳು ನಮ್ಮ ವಾಚನಾಲಯದ ಮೇಜಿನ ಬಳಿ ಮಿತ್ರರೊಬ್ಬರು ಮಗಳ ವಿದ್ಯಾರ್ಥಿವೇತನದ ಅರ್ಜಿಯನ್ನು ಮೊಬೈಲಿನಲ್ಲಿ ತುಂಬುತ್ತಿದ್ದರು. ಕನ್ನಡದಲ್ಲಿಯೂ ತುಂಬಬಹುದೆಂದು ಇದ್ದುದರಿಂದ ಸಂತೋಷಪಟ್ಟು ಕನ್ನಡವನ್ನೇ ಆರಿಸಿಕೊಂಡಿದ್ದರು. ಹೆಸರು, ಶಾಲೆ, ವರಮಾನ ಎಲ್ಲವನ್ನೂ ಬರೆದಾದ ಮೇಲೆ ಪರದೆಯ ಮೂಲೆಯಲ್ಲಿ ‘ಮನೆ’ ಎಂಬ ಮಾತು ಕಂಡಿತು. ಮನೆಯ ವಿಳಾಸ ಕೇಳುತ್ತಿದ್ದಾರೆಂದು ತಿಳಿದು ಅದನ್ನು ಒತ್ತಿದರು. ಅರ್ಧ ತಾಸು ಕುಳಿತು ತುಂಬಿದ್ದೆಲ್ಲ ಅಳಿಸಿಹೋಗಿ ಮೊದಲನೆಯ ಪುಟ ಬಂದು ನಿಂತಿತು. ಇಂಗ್ಲಿಷಿನ ‘ಹೋಮ್’ ಎಂಬುದನ್ನು, ಅಂದರೆ ಮೊದಲ ಪುಟಕ್ಕೆ ಹಿಂದಿರುಗುವ ಗುಂಡಿಯನ್ನು, ಯಾರೋ ಹಿಂದೆಮುಂದೆ ನೋಡದೆ ‘ಮನೆ’ ಎಂದು ಮಾಡಿಟ್ಟಿದ್ದರು. “ಅಣ್ಣಾರ, ಈ ಕನ್ನಡ ಬ್ಯಾಡ್ರಿ, ಇಂಗ್ಲಿಷನ ಇರ್ಲಿ” ಎಂದು ಅವರು ಮೊಬೈಲನ್ನು ನನ್ನ ಕೈಗೆ ಕೊಟ್ಟರು.

ಆ ಮಾತು ನನ್ನನ್ನು ಬಹಳ ದಿನ ಬಿಡಲಿಲ್ಲ. ಓದು ಬಲ್ಲ ಮನುಷ್ಯನನ್ನು ಅವನ ಭಾಷೆಯೇ ದಾರಿ ತಪ್ಪಿಸಿತಲ್ಲ! ಇಂತಹ ತಪ್ಪು ಮಾತನ್ನು ನಮ್ಮಂಥವರು ತಿದ್ದಲು ಸಾಧ್ಯವೇ ಎಂದು ಅಂದಿನಿಂದ ವಿಚಾರಿಸುತ್ತ ಬಂದೆ. ಎಲ್ಲ ಕಡೆಯೂ ಸಾಧ್ಯವಿಲ್ಲ. ಆದರೆ ಬಾಗಿಲು ತೆರೆದಿಟ್ಟ ಕೆಲವು ದೊಡ್ಡ ತಾಣಗಳಿವೆ. ಅಲ್ಲಿ ಪ್ರೋಗ್ರಾಮಿನ ಒಂದಕ್ಷರವೂ ತಿಳಿಯದವರು ಬ್ರೌಸರಿನಲ್ಲಿಯೇ ಕುಳಿತು ಪರದೆಯ ಮೇಲಿನ ಮಾತುಗಳನ್ನು ತಿದ್ದಬಹುದು. ಅದರ ಬಗೆಯನ್ನು ಈ ಪಾಠದಲ್ಲಿ ತಿಳಿಸುತ್ತೇನೆ.

ಎಂಜಿನು ಬೇರೆ, ಫಲಕ ಬೇರೆ

ಕಸಾರಾದಿಂದ ನಮ್ಮ ಇಗತಪುರಿಗೆ ಗಾಡಿ ಏರಿ ಬರುವ ಘಾಟು 37 ಅಡಿಗೆ 1 ಅಡಿ ಏರುವಂಥದು. ಹಿಂದಿನಿಂದ ನೂಕಲು ಬ್ಯಾಂಕರ್ ಎಂಜಿನು ಬೇಕು. ಆ ಎಂಜಿನನ್ನು ನಡೆಸಲು ತರಬೇತಾದವರೇ ಆಗಬೇಕು. ಆದರೆ ನಿಲ್ದಾಣದ ಫಲಕದ ಮೇಲೆ ಊರಿನ ಹೆಸರು ತಪ್ಪಾಗಿದ್ದರೆ ಅದನ್ನು ತಿದ್ದುವವನು ಎಂಜಿನಿನ ಒಳಗನ್ನು ತಿಳಿಯಬೇಕಾಗಿಲ್ಲ. ಅವನಿಗೆ ಭಾಷೆ ತಿಳಿದಿದ್ದರೆ ಸಾಕು.

ಜಾಲತಾಣವೂ ಹೀಗೆಯೇ. ಲೆಕ್ಕ ಮಾಡುವುದು, ಕಡತ ಹುಡುಕುವುದು, ಗುರುತು ಪರೀಕ್ಷಿಸುವುದು ಇವು ಎಂಜಿನಿನ ಕೆಲಸ. ನಮ್ಮ ಕಣ್ಣಿಗೆ ಕಾಣುವ ಗುಂಡಿ, ತಲೆಬರಹ, ಎಚ್ಚರಿಕೆಯ ಮಾತು ಇವು ಮುಂಭಾಗ. ತಿಳಿವಳಿಕೆಯುಳ್ಳ ಕರ್ತೃಗಳು ಈ ಮಾತುಗಳನ್ನು ಪ್ರೋಗ್ರಾಮಿನೊಳಗೆ ಹೊಲಿದುಬಿಡುವುದಿಲ್ಲ. ಪ್ರತಿಯೊಂದು ಮಾತಿಗೂ ಒಂದು ಗುರುತಿನ ಹೆಸರನ್ನು ಕೊಟ್ಟು, ಭಾಷೆಗೊಂದರಂತೆ ಬೇರೆ ಪಟ್ಟಿಗಳಲ್ಲಿ ಇಡುತ್ತಾರೆ. ಎಂಜಿನು ಓಡುವಾಗ ಕನ್ನಡದ ಪಟ್ಟಿಯಿಂದ ಕನ್ನಡವನ್ನು, ಮರಾಠಿಯ ಪಟ್ಟಿಯಿಂದ ಮರಾಠಿಯನ್ನು ಎತ್ತಿಕೊಳ್ಳುತ್ತದೆ. ಪಟ್ಟಿ ಬೇರೆಯಾಗಿರುವುದರಿಂದಲೇ ನಮಗೆ ಒಳಗೆ ಬರಲು ದಾರಿಯಾಗಿದೆ.

ಓದುವವನೇ ತಿದ್ದುವವನಾದದ್ದು

ಇದು ಹೊಸ ವಿಚಾರವಲ್ಲ. 1990ರಲ್ಲಿ ಟಿಮ್ ಬರ್ನರ್ಸ್-ಲೀ ಎಂಬವರು ಜಿನೀವಾದ ಬಳಿಯ ಸರ್ನ್ ಸಂಶೋಧನಾಲಯದಲ್ಲಿ ಮೊತ್ತಮೊದಲ ಬ್ರೌಸರನ್ನು ರಚಿಸಿದಾಗ ಅದರಲ್ಲಿ ಓದುವುದೂ ಬರೆಯುವುದೂ ಎರಡೂ ಸಾಧ್ಯವಿತ್ತು. 1993ರ ಬಳಿಕ ಜನಪ್ರಿಯವಾದ ಬ್ರೌಸರುಗಳು ಓದುವುದಕ್ಕೆ ಮಾತ್ರ ಉಳಿದವು. 1995ರಲ್ಲಿ ಅಮೆರಿಕದ ವಾರ್ಡ್ ಕನ್ನಿಂಗ್‌ಹ್ಯಾಮ್ ಎಂಬವರು, ಓದುವ ಪುಟವನ್ನೇ ಯಾರು ಬೇಕಾದರೂ ತಿದ್ದಬಹುದಾದ ತಾಣವನ್ನು ತೆರೆದು ಅದಕ್ಕೆ ‘ವಿಕಿ’ ಎಂಬ ಹೆಸರು ಸೇರಿಸಿದರು. ಹವಾಯಿ ಭಾಷೆಯಲ್ಲಿ ‘ವಿಕಿ’ ಎಂದರೆ ಬೇಗ. ಹೊನೊಲುಲು ವಿಮಾನ ನಿಲ್ದಾಣದಲ್ಲಿ ಪ್ರಯಾಣಿಕರನ್ನು ಸಾಗಿಸುವ ಬಸ್ಸಿನ ಹೆಸರನ್ನೇ ಅವರು ಎತ್ತಿಕೊಂಡರು!

ಇದೇ ರೀತಿಯಲ್ಲಿ 2001ರಲ್ಲಿ ವಿಕಿಪೀಡಿಯ ವಿಶ್ವಕೋಶವೂ, 2003ರಲ್ಲಿ ಕನ್ನಡ ವಿಕಿಪೀಡಿಯವೂ ಆರಂಭವಾದವು. ಲೇಖನ ಬರೆಯುವುದು ಒಂದು ಕೆಲಸವಾದರೆ, ಆ ಲೇಖನದ ಸುತ್ತಲಿನ ಗುಂಡಿಗಳನ್ನು ಕನ್ನಡ ಮಾಡುವುದು ಇನ್ನೊಂದು. ಈ ಎರಡನೆಯ ಕೆಲಸಕ್ಕಾಗಿಯೇ ಫಿನ್ಲೆಂಡಿನ ನಿಕ್ಲಾಸ್ ಲಾಕ್ಸ್‌ಟ್ರೋಮ್ ಎಂಬವರು ‘ಟ್ರಾನ್ಸ್‌ಲೇಟ್‌ವಿಕಿ’ ಎಂಬ ತಾಣವನ್ನು ಕಟ್ಟಿದರು. ಜಗತ್ತಿನ ನೂರಾರು ಭಾಷೆಯವರು ಅಲ್ಲಿ ದುಡಿಯುತ್ತಾರೆ.

ನಮ್ಮಲ್ಲಿರುವ ಮಂಗಳೂರು, ಕಾಸರಗೋಡು ಕಡೆಯ ಬಂಧುಗಳು ಇದನ್ನು ಗಮನಿಸಬೇಕು. ಕನ್ನಡ ಲಿಪಿಯಲ್ಲಿ ಬರೆಯಲಾಗುವ ತುಳು ವಿಕಿಪೀಡಿಯವು ಹಲವು ವರ್ಷ ಪ್ರಯೋಗದ ಅಂಗಳದಲ್ಲಿದ್ದು 2016ರ ಆಗಸ್ಟಿನಲ್ಲಿ ಸ್ವತಂತ್ರ ತಾಣವಾಯಿತು. ಹಾಗೆ ಹೊರಬರಲು ಲೇಖನಗಳಿದ್ದರೆ ಸಾಲದು. ಹೆಚ್ಚು ಬಳಕೆಯಾಗುವ ಗುಂಡಿಯ ಮಾತುಗಳೂ ಆ ಭಾಷೆಯಲ್ಲಿರಬೇಕೆಂಬುದು ನಿಯಮ. ಸರಕಾರಿ ಭಾಷೆಯೆಂಬ ಪಟ್ಟವಿಲ್ಲದ ತುಳುವಿಗೆ ಆ ಮಾತುಗಳನ್ನು ಕೊಟ್ಟವರು ಸಂಬಳವಿಲ್ಲದ ಸ್ವಯಂಸೇವಕರೇ.

ಕೆಲಸದ ಕ್ರಮ

ಮೊದಲು ಆ ತಾಣದಲ್ಲಿ ಹೆಸರು ನೋಂದಾಯಿಸಿ ಕನ್ನಡವನ್ನು ಆರಿಸಿಕೊಳ್ಳಬೇಕು. ಹಣ ಕೊಡಬೇಕಾಗಿಲ್ಲ. ಹೊಸಬರಿಗೆ ಕೆಲವು ಮಾದರಿ ಮಾತುಗಳನ್ನು ಅನುವಾದಿಸಲು ಕೊಡುತ್ತಾರೆ. ಅದನ್ನು ನೋಡಿ ಒಪ್ಪಿಗೆ ಕೊಟ್ಟ ಮೇಲೆ ಮುಂದಿನ ಕೆಲಸ.

ಪರದೆಯಲ್ಲಿ ಇಂಗ್ಲಿಷ್ ಮಾತೂ ಅದರ ಕೆಳಗೆ ಕನ್ನಡಕ್ಕಾಗಿ ಖಾಲಿ ಚೌಕವೂ ಕಾಣುತ್ತದೆ. ಜೊತೆಗೆ ಒಂದು ಟಿಪ್ಪಣಿ ಇರುತ್ತದೆ: ಈ ಮಾತು ಎಲ್ಲಿ ಬರುತ್ತದೆ, ಗುಂಡಿಯೋ ತಲೆಬರಹವೋ, ನಾಮಪದವೋ ಕ್ರಿಯಾಪದವೋ ಎಂದು. ಈ ಟಿಪ್ಪಣಿಯನ್ನು ಓದದೆ ಬರೆಯತಕ್ಕದ್ದಲ್ಲ. ನಮ್ಮ ಮಿತ್ರರ ಅರ್ಜಿಯ ‘ಮನೆ’ ಹುಟ್ಟಿದ್ದು ಇಂತಹ ಟಿಪ್ಪಣಿಯಿಲ್ಲದೆಯೋ, ಇದ್ದರೂ ಓದದೆಯೋ ಇರಬೇಕು.

ಬರೆದು ಉಳಿಸಿದ ಮೇಲೆ ಇನ್ನೊಬ್ಬ ಕನ್ನಡಿಗರು ಅದನ್ನು ಪರಿಶೀಲಿಸಬಹುದು. ಅನಂತರ ಆ ಮಾತುಗಳು ಪ್ರೋಗ್ರಾಮಿನ ಉಗ್ರಾಣಕ್ಕೆ ಹೋಗಿ, ಸಾಮಾನ್ಯವಾಗಿ ಕೆಲವು ದಿನಗಳಲ್ಲಿ ಓದುಗರ ಪರದೆಯ ಮೇಲೆ ಬರುತ್ತವೆ. ನಾವು ಇಗತಪುರಿಯಲ್ಲಿ ತಿದ್ದಿದ ಒಂದು ಮಾತು ಬೀದರಿನಲ್ಲಿಯೂ ದುಬಾಯಿಯಲ್ಲಿಯೂ ಕಾಣುತ್ತದೆ.

ಕನ್ನಡಕ್ಕೇ ವಿಶೇಷವಾದ ತೊಡಕುಗಳು

ಗುಮಾಸ್ತರಿಗೆ ಅಚ್ಚಾದ ಫಾರಮ್ಮುಗಳ ಪರಿಚಯ ಚೆನ್ನಾಗಿದೆ. ‘ಶ್ರೀ ........ ಇವರಿಗೆ’ ಎಂದು ಗೆರೆ ಬಿಟ್ಟಿರುತ್ತಾರೆ. ಪರದೆಯ ಮಾತುಗಳಲ್ಲಿಯೂ ಇಂತಹ ಖಾಲಿ ಗೆರೆಗಳಿವೆ. ಅವನ್ನು $1, $2 ಎಂದು ಗುರುತಿಸುತ್ತಾರೆ. ಈ ಗುರುತನ್ನು ಅಳಿಸಬಾರದು, ಬದಲಿಸಬಾರದು. ಹೆಸರು ಬಂದು ಕೂಡುವ ಜಾಗ ಅದೇ.

ಇಲ್ಲಿ ವಿಭಕ್ತಿಯ ತೊಡಕು ಬರುತ್ತದೆ. ‘$1ಗೆ’ ಎಂದು ಬರೆದೆವೆನ್ನೋಣ. ಸೀತೆ ಬಂದರೆ ‘ಸೀತೆಗೆ’, ಸರಿ. ರಾಮ ಬಂದರೆ ‘ರಾಮಗೆ’, ಧಾರವಾಡ ಬಂದರೆ ‘ಧಾರವಾಡಗೆ’! ಯಂತ್ರಕ್ಕೆ ರಾಮನಿಗೆ, ಧಾರವಾಡಕ್ಕೆ ಎಂಬ ಭೇದ ತಿಳಿಯದು. ಆದ್ದರಿಂದ ವ್ಯಕ್ತಿಯಾದರೆ ‘$1 ಅವರಿಗೆ’ ಎಂದೂ, ಪುಟವಾದರೆ ‘$1 ಎಂಬ ಪುಟಕ್ಕೆ’ ಎಂದೂ ಬರೆಯುವುದು ಒಳ್ಳೆಯದು. ಹಳೆಯ ಫಾರಮ್ಮು ಬರೆದವರು ಈ ಉಪಾಯವನ್ನು ಎಂದೋ ಕಂಡುಕೊಂಡಿದ್ದರು.

ಎರಡನೆಯದು ಪದಗಳ ಕ್ರಮ. ಇಂಗ್ಲಿಷಿನ ‘3 ಆಫ್ 10’ ಕನ್ನಡದಲ್ಲಿ ‘10ರಲ್ಲಿ 3’ ಆಗುತ್ತದೆ. $1, $2 ಹಿಂದುಮುಂದಾದರೆ ಯಂತ್ರಕ್ಕೆ ತೊಂದರೆಯಿಲ್ಲ. ಅಂಕೆ ತಪ್ಪದಿದ್ದರೆ ಸಾಕು.

ಮೂರನೆಯದು ವಚನ. ‘1 ಪುಟ’, ‘5 ಪುಟಗಳು’ ಎಂದು ಕನ್ನಡಕ್ಕೆ ಎರಡು ರೂಪಗಳನ್ನು ಕೊಟ್ಟರೆ ಸಾಕು. ಅರಬ್ಬೀ ಭಾಷೆಯವರು ಆರು ರೂಪಗಳನ್ನು ಕೊಡಬೇಕು.

ನಾಲ್ಕನೆಯದು ಲಿಂಗ. ‘ಬರೆದನು’, ‘ಬರೆದಳು’ ಎಂಬ ಗೊಂದಲಕ್ಕೆ ನಮ್ಮ ಭಾಷೆಯ ಮರ್ಯಾದೆಯೇ ಪರಿಹಾರ ಒದಗಿಸಿದೆ. ‘ಬರೆದರು’ ಎಂದರೆ ಎಲ್ಲರಿಗೂ ಸಲ್ಲುತ್ತದೆ.

ಕೊನೆಯದು, ಎಲ್ಲಕ್ಕಿಂತ ಮುಖ್ಯವಾದದ್ದು, ಪದದ ಆಯ್ಕೆ. ಕನ್ನಡ ವಿಕಿಪೀಡಿಯದಲ್ಲಿ ಪುಟವನ್ನು ತಿದ್ದುವ ಗುಂಡಿಗೆ ‘ಸಂಪಾದಿಸಿ’ ಎಂದಿದೆ. ಪತ್ರಿಕೆಯ ಸಂಪಾದಕರನ್ನು ಬಲ್ಲವರಿಗೆ ಇದು ಶುದ್ಧವಾದ ಪದ. ಆದರೆ ಗಿರಣಿಯಲ್ಲಿ ದುಡಿಯುವವನಿಗೆ ‘ಸಂಪಾದಿಸು’ ಎಂದರೆ ಹಣ ಗಳಿಸು ಎಂದೇ ಮೊದಲು ಹೊಳೆಯುತ್ತದೆ. ‘ತಿದ್ದಿ’ ಎಂದರೆ ಮಗ್ಗಿ ಬರೆದ ಮಗುವಿಗೂ ತಿಳಿದೀತು. ಆದರೆ ‘ತಿದ್ದಿ’ ಎಂದರೆ ತಪ್ಪಿದ್ದಲ್ಲಿ ಮಾತ್ರ ಎಂಬ ಅರ್ಥ ಬರುತ್ತದೆ, ಹೊಸದನ್ನು ಸೇರಿಸುವುದು ಬಿಟ್ಟುಹೋಗುತ್ತದೆ ಎಂದು ಇನ್ನೊಬ್ಬರು ಹೇಳಬಹುದು, ಅದೂ ಸರಿಯೇ. ಇಂತಹ ಪದವನ್ನು ಒಬ್ಬರೇ ರಾತ್ರೋರಾತ್ರಿ ಬದಲಿಸಬಾರದು. ಒಂದು ಕಡೆ ‘ಸಂಪಾದಿಸಿ’, ಮತ್ತೊಂದು ಕಡೆ ‘ತಿದ್ದಿ’ ಎಂದಾದರೆ ಓದುಗನಿಗೆ ಇನ್ನೂ ಕಷ್ಟ. ಚರ್ಚೆಯ ಪುಟದಲ್ಲಿ ಕಾರಣ ಬರೆದು, ಇತರರ ಒಪ್ಪಿಗೆ ಪಡೆದು, ಎಲ್ಲೆಡೆ ಒಂದೇ ಪದವನ್ನು ಇಡಬೇಕು. ಆ ಚರ್ಚೆಯಲ್ಲಿ ಪಂಡಿತರ ಮಾತಿನಷ್ಟೇ ಕೂಲಿಕಾರನ ಮಾತಿಗೂ ಬೆಲೆಯಿರಬೇಕು. ಆ ಗುಂಡಿ ಅರ್ಥವಾಗದಿದ್ದರೆ ಮೊದಲು ನಷ್ಟ ಅನುಭವಿಸುವವನು ಅವನೇ.

ಎಲ್ಲಿ ಕೈಹಾಕಬಾರದು

ಬಾಗಿಲು ತೆರೆದಿದೆಯೆಂದು ಎಲ್ಲ ಕೋಣೆಗೂ ನುಗ್ಗಬಾರದು. ಮಾತನ್ನು ತಪ್ಪಾಗಿ ಬರೆದರೆ ಹಳೆಯ ಪ್ರತಿ ಇತಿಹಾಸದಲ್ಲಿ ಉಳಿದಿರುತ್ತದೆ. ಒಂದು ಗುಂಡಿ ಒತ್ತಿ ಹಿಂದಿನಂತೆ ಮಾಡಬಹುದು. ಆದರೆ ಮುಂಭಾಗದಲ್ಲಿ ಜಾವಾಸ್ಕ್ರಿಪ್ಟ್ ಎಂಬ ಆಜ್ಞೆಗಳೂ ಇರುತ್ತವೆ. ಅವು ಬಂದ ಪ್ರತಿಯೊಬ್ಬ ಓದುಗನ ಬ್ರೌಸರಿನಲ್ಲಿ ಓಡುತ್ತವೆ. ಅಲ್ಲಿ ಒಬ್ಬ ಕೇಡಿಗ ಕೈಯಾಡಿಸಿದರೆ ಜನರ ಪಾಸ್‌ವರ್ಡ್ ಕದಿಯಲೂಬಹುದು. ಆದುದರಿಂದ 2018ರಲ್ಲಿ ವಿಕಿಪೀಡಿಯದವರು ತಾಣಕ್ಕೆಲ್ಲ ಅನ್ವಯಿಸುವ ಆ ಆಜ್ಞೆಗಳನ್ನು ಬದಲಿಸುವ ಅಧಿಕಾರವನ್ನು ಸಾಮಾನ್ಯ ನಿರ್ವಾಹಕರಿಂದಲೂ ತೆಗೆದು, ಬೇರೆ ಒಂದು ಸಣ್ಣ ಗುಂಪಿಗೆ ಮಾತ್ರ ಒಪ್ಪಿಸಿದರು. ಮಾತಿಗೆ ಅಗಲವಾದ ಬಾಗಿಲು, ಆಜ್ಞೆಗೆ ಕಿರಿದಾದ ಬಾಗಿಲು. ಈ ಏರ್ಪಾಡು ನ್ಯಾಯವಾದದ್ದು.

ಬಾಗಿಲನ್ನೇ ಇಡದ ತಾಣಗಳಲ್ಲಿ, ತಪ್ಪು ಕಂಡ ಪುಟದ ಚಿತ್ರ ತೆಗೆದು, ಇರುವ ಮಾತು, ಇರಬೇಕಾದ ಮಾತು, ಕಾರಣ ಈ ಮೂರನ್ನೂ ಬರೆದು ಅವರಿಗೆ ಕಳುಹಿಸುವುದೊಂದೇ ದಾರಿ. ನಮ್ಮ ಮಿತ್ರರ ಅರ್ಜಿಯ ವಿಷಯದಲ್ಲಿ ಹಾಗೆಯೇ ಬರೆದಿದ್ದೇವೆ. ಉತ್ತರ ಇನ್ನೂ ಬಂದಿಲ್ಲ, ಮತ್ತೊಮ್ಮೆ ಬರೆಯುತ್ತೇವೆ.

ಅಭ್ಯಾಸ

1. ನಿಮ್ಮ ಮೊಬೈಲಿನಲ್ಲಿ ಕನ್ನಡದ ಒಂದು ಪರದೆಯನ್ನು ತೆರೆದು, ಮೊದಲ ಓದಿಗೆ ಅರ್ಥವಾಗದ ಮೂರು ಮಾತುಗಳನ್ನು ಬರೆದುಕೊಳ್ಳಿರಿ.

2. ‘$1 ಊರಿನಿಂದ $2 ಊರಿಗೆ’ ಎಂಬಲ್ಲಿ ‘ಊರು’ ಎಂಬ ಪದ ಏಕೆ ಬೇಕು? ಮೈಸೂರು, ಹುಬ್ಬಳ್ಳಿ, ನಾಸಿಕ ಎಂಬ ಹೆಸರುಗಳನ್ನು ಇಟ್ಟು ನೋಡಿರಿ.

3. ‘ಸಂಪಾದಿಸಿ’ ಎಂಬುದಕ್ಕೆ ನಿಮ್ಮ ಮನೆಯವರಿಗೆ ತಿಳಿಯುವ ಒಂದು ಮಾತನ್ನು ಸೂಚಿಸಿರಿ. ನೀವೇ ಊಹಿಸಬೇಡಿರಿ, ಅವರನ್ನು ಕೇಳಿ ಬರೆಯಿರಿ.

ಉತ್ತರಗಳನ್ನು ಭಾನುವಾರ ಮುಂಜಾನೆ ವಾಚನಾಲಯಕ್ಕೆ ತನ್ನಿರಿ. ಒಂದೊಂದನ್ನೂ ಕೂಡಿ ನೋಡೋಣ. ಅರ್ಜಿ ಕಳೆದುಕೊಂಡ ಆ ಮಿತ್ರರೂ ಬರಲು ಒಪ್ಪಿದ್ದಾರೆ. ‘ಮನೆ’ ಎಂಬಲ್ಲಿ ಏನು ಬರೆಯಬೇಕಿತ್ತೆಂದು ಕೇಳಿದಾಗ ಅವರು ಒಂದು ಕ್ಷಣವೂ ಯೋಚಿಸದೆ “ಮೊದಲಿನ ಪುಟ ಅಂತ ಬರೀಬೇಕಿತ್ರಿ” ಎಂದರು.